ಆರೋಗ್ಯ ಪ್ರಶ್ನೋತ್ತರ: ವಿಮಾನದ ವಿಷೇಂಧನವೂ ರಕ್ಷಣೆಯ ಉಡುಪೂ

ಪ್ರಶ್ನೆ: ಡಾಕ್ಟರೇ, ನನ್ನ ಮಗ ಅಮೆರಿಕದಲ್ಲಿ ಎಫ್-16 ಯುದ್ಧವಿಮಾನಗಳ ದುರಸ್ತಿಯ ಕೆಲಸದಲ್ಲಿದ್ದಾನೆ. ಅಡಿಯಿಂದ ಮುಡಿಯವರೆಗೆ ಮುಚ್ಚುವ ಉಡುಪು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಯಾವುದೋ ಇಂಧನದ ಟ್ಯಾಂಕು ಬದಲಿಸುತ್ತಿರುವ ಫೋಟೋ ಕಳಿಸಿದ್ದಾನೆ. ಸೀಮೆಎಣ್ಣೆಯಂಥದ್ದಕ್ಕೆ ಇಷ್ಟೊಂದು ಬಂದೋಬಸ್ತು ಏಕೆ? ವಾಸನೆ ಬಂದರೆ ದೂರ ಸರಿದರೆ ಸಾಲದೇ?
— ಒಬ್ಬ ತಾಯಿ, ಬೇಗೂರು

ಉತ್ತರ: ತಾಯೀ, ಆ ವಿಮಾನದ ಎಂಜಿನ್ನಿಗೆ ಉಣಿಸುವುದು ಸೀಮೆಎಣ್ಣೆಯ ಜಾತಿಯ ಇಂಧನವೆಂಬುದು ನಿಜವಾದರೂ, ಈ ಉಡುಪನ್ನು ತೊಟ್ಟು ಮುಟ್ಟುವಂಥದು ಅದಲ್ಲ. ಒಂದೇ ಎಂಜಿನ್ನಿನ ಎಫ್-16, ಗಗನಮಧ್ಯದಲ್ಲಿ ಆ ಎಂಜಿನ್ ಸ್ತಬ್ಧವಾದಾಗಲೂ ಚಾಲಕನ ಅಂಕೆ ತಪ್ಪಬಾರದೆಂಬ ಮುಂದಾಲೋಚನೆಯಿಂದ, ವಿದ್ಯುತ್ತನ್ನೂ ಹೈಡ್ರಾಲಿಕ್ ಒತ್ತಡವನ್ನೂ ಕೆಲವು ನಿಮಿಷಗಳ ಕಾಲ ಒದಗಿಸತಕ್ಕ ಒಂದು ತುರ್ತುಯಂತ್ರವನ್ನು ಹೊತ್ತಿದೆ. ಅದರ ಸುಮಾರು 25 ಲೀಟರಿನ ಟ್ಯಾಂಕಿನಲ್ಲಿ 70 ಪಾಲು ಹೈಡ್ರಜೀನ್, 30 ಪಾಲು ನೀರು ಬೆರೆತ ದ್ರವವಿದ್ದು, ಇರಿಡಿಯಂ ಇರುವ ಕ್ರಿಯಾವರ್ಧಕವನ್ನು ಸೋಂಕಿದೊಡನೆ ಅದು ಗಾಳಿಯ ಹಂಗಿಲ್ಲದೆಯೇ ವಿಘಟಿಸಿ, ಉಷ್ಣಾನಿಲವಾಗಿ ಉಬ್ಬಿ, ಟರ್ಬೈನನ್ನು ತಿರುಗಿಸುತ್ತದೆ.

ವಾಸನೆಯ ವಿಷಯದಲ್ಲಿ ತಾವು ಕೇಳಿರುವ ಮಾತೇ ಮುಖ್ಯವಾದದ್ದು. ಹೈಡ್ರಜೀನಿಗೆ ಅಮೋನಿಯದಂತಹ ಘಾಟು ಉಂಟು. ಆದರೆ ಗಾಳಿಯ ಹತ್ತು ಲಕ್ಷ ಪಾಲಿಗೆ ಅದು ಮೂರು ನಾಲ್ಕು ಪಾಲಾಗುವವರೆಗೆ ಸಾಮಾನ್ಯವಾಗಿ ಮನುಷ್ಯನ ಮೂಗಿಗೆ ತಿಳಿಯದು, ಮತ್ತು ಔದ್ಯೋಗಿಕ ಆರೋಗ್ಯ ತಜ್ಞರು ದಿನವಿಡೀ ದುಡಿಯುವವನಿಗೆ ವಿಧಿಸಿರುವ ಮಿತಿಯಾದರೋ ಹತ್ತು ಕೋಟಿಗೆ ಒಂದು ಪಾಲು ಮಾತ್ರ. ಎಂದರೆ ವಾಸನೆ ತಿಳಿಯುವ ಹೊತ್ತಿಗೆ ಮಿತಿಯು ಮುನ್ನೂರು ಪಟ್ಟು ಮೀರಿರುತ್ತದೆ. ಉಸಿರಿನಿಂದ ಮಾತ್ರವಲ್ಲದೆ ಅಖಂಡವಾದ ಚರ್ಮದ ಮೂಲಕವೂ ಒಳಹೊಕ್ಕು, ಕಣ್ಣು, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ, ನರಮಂಡಲಗಳನ್ನು ಅದು ಪೀಡಿಸಬಲ್ಲುದು. ತುಕ್ಕನ್ನೋ ಬಟ್ಟೆಯನ್ನೋ ಸೋಂಕಿದರೆ ಕಿಡಿಯಿಲ್ಲದೆ ಹೊತ್ತಿಕೊಳ್ಳಲೂಬಲ್ಲುದು. ಎರಡನೆಯ ಮಹಾಯುದ್ಧದಲ್ಲಿ ಹೈಡ್ರಜೀನ್ ಹೈಡ್ರೇಟ್ ಕೂಡಿದ ಇಂಧನದಿಂದ ಹಾರುತ್ತಿದ್ದ ಜರ್ಮನಿಯ ಕೋಮೆಟ್ ವಿಮಾನದ ಚಾಲಕರಿಗೂ ರಕ್ಷಣೆಯ ಉಡುಪನ್ನು ತೊಡಿಸುತ್ತಿದ್ದರು. ಆದುದರಿಂದ ಮಗನ ಫೋಟೋ ಕಂಡು ತಾವು ಹೆದರಬೇಕಾದದ್ದಿಲ್ಲ. ಅವನು ಆ ಉಡುಪಿನೊಳಗೆ ಇದ್ದಾನೆಂಬುದೇ ಸಮಾಧಾನದ ವಿಷಯ.

ಪ್ರಶ್ನೆ: ನಾನು ವಿಮಾನಗಳ ಇಂಧನದ ಟ್ಯಾಂಕಿನೊಳಗೆ ಇಳಿದು ಸೀಲಂಟ್ ಹಚ್ಚುವವನು. ಉಡುಪು, ಮಾಸ್ಕು ಎಲ್ಲ ಇದ್ದರೂ ಅರ್ಧ ಗಂಟೆಯಲ್ಲಿ ತಲೆ ಸುತ್ತುತ್ತದೆ. ಮೂತ್ರಕ್ಕೆ ಎದ್ದುಬರಬೇಕಾದೀತೆಂದು ನೀರು ಕುಡಿಯದೆ ಒಳಹೋಗುತ್ತೇನೆ. ಗಡ್ಡವನ್ನೂ ಬಿಟ್ಟಿದ್ದೇನೆ. ಏನು ಮಾಡಲಿ ಸಾರ್?
— ಒಬ್ಬ ತಂತ್ರಜ್ಞ, ಬೇಗೂರು

ಉತ್ತರ: ತಮ್ಮ ತಲೆಸುತ್ತಿಗೆ ಮೂರು ಕಾರಣಗಳಿರಬಹುದು: ಇಂಧನದ ಅಥವಾ ಸೀಲಂಟಿನ ಆವಿ, ಆಮ್ಲಜನಕದ ಕೊರತೆ, ದೇಹದ ತಾಪ. ಒಳಗೆ ಕುಳಿತು ಇದು ಯಾವುದೆಂದು ನಿರ್ಣಯಿಸಲು ಯಾರಿಂದಲೂ ಆಗದು. ಮೊದಲು ಹೊರಗೆ ಬರಬೇಕು, ಕಾರಣವನ್ನು ಆಮೇಲೆ ಹುಡುಕಬೇಕು.

ಸೀಮೆಎಣ್ಣೆಯ ಆವಿ ಗಾಳಿಗಿಂತ ಭಾರವಾದ್ದರಿಂದ ಟ್ಯಾಂಕಿನ ತಳದಲ್ಲಿಯೇ ನೆಲೆಸುತ್ತದೆ. ಇಳಿಯುವ ಮುನ್ನ ಗಾಳಿಯಾಡಿಸಿ, ಮೀಟರಿನಿಂದ ಅಳೆದು, ಆಮ್ಲಜನಕವು ನೂರಕ್ಕೆ 19.5ಕ್ಕಿಂತ ಕಡಿಮೆಯಿದ್ದರೆ ಇಳಿಯತಕ್ಕದ್ದಲ್ಲ. ಹೊರಗೆ ಕಾವಲಿರುವ ಸಂಗಾತಿಯು, ಒಳಗಿರುವವನು ಕುಸಿದನೆಂದು ಉಸಿರಾಟದ ಸಲಕರಣೆಯಿಲ್ಲದೆ ಧುಮುಕಕೂಡದು. ಒಬ್ಬನನ್ನು ಉಳಿಸಹೋಗಿ ಇಬ್ಬರೂ ಪ್ರಾಣ ನೀಗುವುದು ಇಂತಹ ಮುಚ್ಚಿದ ಸ್ಥಳಗಳಲ್ಲಿ ಮತ್ತೆ ಮತ್ತೆ ಸಂಭವಿಸುವ ದುರಂತ. ಗಡ್ಡದ ವಿಷಯದಲ್ಲಿ ರಾಜಿಯಿಲ್ಲ: ಮಾಸ್ಕಿನ ಅಂಚಿಗೂ ಚರ್ಮಕ್ಕೂ ನಡುವೆ ಕೂದಲಿದ್ದರೆ ಅದೇ ಆವಿಗೆ ದಾರಿ.

ಇನ್ನು ತಾಪ. ಬೆವರು ಆವಿಯಾಗುವುದರಿಂದಲೇ ದೇಹವು ತಣಿಯುತ್ತದೆ. ಗಾಳಿಯಾಡದ ಉಡುಪಿನೊಳಗೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಹೀಗಾಗಿ ನಮ್ಮ ಬೆಂಗಳೂರಿನ ಹಿತವಾದ ಹವೆಯಲ್ಲಿಯೂ ಒಳಗಿನವನ ಉಷ್ಣತೆ ಏರುತ್ತಲೇ ಹೋಗುತ್ತದೆ. ನೀರು ಬಿಡುವುದು ಈ ಅಪಾಯವನ್ನು ಇಮ್ಮಡಿಸುವ ಅಭ್ಯಾಸ. ಇಳಿಯುವ ಮೊದಲೂ ಹೊರಬಂದ ಮೇಲೂ ನೀರನ್ನೋ ಮಜ್ಜಿಗೆಯನ್ನೋ ಕುಡಿಯಿರಿ; ಒಳಗಿರುವ ಅವಧಿಯನ್ನು ಕಿರಿದುಮಾಡಿ ಪಾಳಿಯ ಮೇಲೆ ದುಡಿಯುವಂತೆ ಮೇಲ್ವಿಚಾರಕರನ್ನು ಕೇಳಿ; ಹೊಸಬರಿಗೆ ದೇಹ ಒಗ್ಗಲು ಒಂದೆರಡು ವಾರ ಬೇಕೆಂಬುದನ್ನು ಮರೆಯದಿರಿ. ಮಾತು ತೊದಲಿದರೆ, ಬುದ್ಧಿ ಮಂಕಾದರೆ, ಅದು ಉಷ್ಣಾಘಾತ: ಉಡುಪು ಕಳಚಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ, 108ಕ್ಕೆ ಕರೆಮಾಡಬೇಕು.

ಪ್ರಶ್ನೆ: ನಮ್ಮ ಯಜಮಾನರು ರಾಕೆಟ್ಟಿಗೆ ಇಂಧನ ತುಂಬುವ ತಂಡದಲ್ಲಿದ್ದಾರೆ. ಅವರು ಮನೆಗೆ ಬಂದ ಮೇಲೆ ಏನಾದರೂ ಆದರೆ ಇಲ್ಲಿನ ಆಸ್ಪತ್ರೆಯಲ್ಲಿ ಏನೆಂದು ಹೇಳಲಿ? ಕ್ಯಾನ್ಸರ್ ಬರುತ್ತದೆಯೇ?
— ಒಬ್ಬ ಗೃಹಿಣಿ, ಬೇಗೂರು

ಉತ್ತರ: ಅಮ್ಮಾ, 2013ರ ಆಗಸ್ಟ್ 19ರಂದು ಶ್ರೀಹರಿಕೋಟೆಯಲ್ಲಿ ಜಿಎಸ್‌ಎಲ್‌ವಿ ರಾಕೆಟ್ಟು ಮೇಲೇರಲು ಒಂದೂಕಾಲು ಗಂಟೆ ಉಳಿದಿದ್ದಾಗ ಎರಡನೆಯ ಹಂತದಲ್ಲಿ ಸೋರಿದ್ದು ಹೈಡ್ರಜೀನಿನ ವಂಶದ ಇಂಧನವೇ, ಅಂದು ಉಡಾವಣೆಯನ್ನೇ ನಿಲ್ಲಿಸಿ, 2014ರ ಜನವರಿ 5ರಂದು ಅದನ್ನು ಯಶಸ್ವಿಯಾಗಿ ನೆರವೇರಿಸಿದರು. ಶಂಕೆ ಬಂದೊಡನೆ ಕೆಲಸ ನಿಲ್ಲಿಸುವ ಆ ವಿವೇಕವೇ ಮನೆಗೂ ಸಲ್ಲುತ್ತದೆ.

ಇಂಧನವು ಮೈಗೆ ಸೋಂಕಿದ್ದರೆ ಬಟ್ಟೆ ಕಳಚಿ, ಕನಿಷ್ಠ 15 ನಿಮಿಷ ಧಾರಾಳವಾದ ನೀರಿನಿಂದ ಚರ್ಮವನ್ನೂ ಕಣ್ಣನ್ನೂ ತೊಳೆಯಬೇಕು. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಒಗೆಯಕೂಡದು. ಇಂಧನದ ಜೊತೆಗಾರನಾದ ನೈಟ್ರೋಜನ್ ಟೆಟ್ರಾಕ್ಸೈಡನ್ನು ಉಸಿರಾಡಿದವರು ಮೊದಲು ಸ್ವಸ್ಥರಂತೆ ಕಂಡರೂ, ಗಂಟೆಗಳ ಅನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. 1975ರ ಜುಲೈಯಲ್ಲಿ ಅಪೊಲೊ-ಸೊಯುಜ್ ಯಾತ್ರೆಯಿಂದ ಇಳಿಯುವಾಗ ಆ ಅನಿಲವನ್ನು ಸೇವಿಸಿದ ಮೂವರು ಗಗನಯಾತ್ರಿಗಳನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡಿಕೊಂಡದ್ದು ಈ ಕಾರಣದಿಂದಲೇ.

ಫಿಟ್ಸ್ ಬಂದರೆ ವೈದ್ಯರಿಗೆ ಇಂಧನದ ಹೆಸರನ್ನು ತಿಳಿಸುವುದು ಪ್ರಾಣರಕ್ಷಕ. ಹೈಡ್ರಜೀನ್ ದೇಹದಲ್ಲಿನ ಬಿ6 ಜೀವಸತ್ವದ ಕೆಲಸವನ್ನು ಕೆಡಿಸುವುದರಿಂದ ಸಾಮಾನ್ಯ ಫಿಟ್ಸಿನ ಔಷಧಿ ಸಾಲದೆ ಹೋಗಬಹುದು, ಪಿರಿಡಾಕ್ಸಿನ್ ಎಂಬ ಆ ಜೀವಸತ್ವದ ಚುಚ್ಚುಮದ್ದು ಬೇಕಾಗಬಹುದು. ಅದೇ ಕುಲದ ಐಸೋನಿಯಜಿಡ್ ನುಂಗುವ ಕ್ಷಯರೋಗಿಗಳಿಗೆ ಬಿ6 ಮಾತ್ರೆ ಕೊಡುವುದೂ ಇದಕ್ಕಾಗಿಯೇ. ಆದರೆ ಮುನ್ನೆಚ್ಚರಿಕೆಯೆಂದು ಮನೆಯಲ್ಲಿ ಆ ಮಾತ್ರೆಗಳನ್ನು ನುಂಗಬೇಡಿ.

ಕ್ಯಾನ್ಸರಿನ ಬಗ್ಗೆ: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೈಡ್ರಜೀನನ್ನು ಮನುಷ್ಯರಲ್ಲಿ ಪ್ರಾಯಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ವರ್ಗದಲ್ಲಿರಿಸಿದೆ. ಇದರರ್ಥ ತಮ್ಮ ಯಜಮಾನರಿಗೆ ಅದು ಬಂದೇ ಬರುವುದೆಂದಲ್ಲ. ಸೋಂಕನ್ನು ಸಾಧ್ಯವಾದಷ್ಟು ಶೂನ್ಯಕ್ಕೆ ತರಬೇಕೆಂದು, ವಾರ್ಷಿಕ ತಪಾಸಣೆ ತಪ್ಪಿಸಬಾರದೆಂದು. ಈ ರಾಸಾಯನಿಕಗಳ ಹೆಸರುಗಳನ್ನೂ ಕೆಲಸದ ಸ್ಥಳದ ವೈದ್ಯರ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆಯಿಸಿಕೊಂಡು, ಅವರ ಜೇಬಿನಲ್ಲಿ ಒಂದು, ತಮ್ಮ ಕೈಚೀಲದಲ್ಲಿ ಒಂದು ಇಟ್ಟುಕೊಳ್ಳಿ; ಇದನ್ನು ಇಂದೇ ಮಾಡಿ.