ಮೊಣಕಾಲು ನೋವಿಗೆ ಸೊಂಟದ ಬಲ

ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ದಂಪತಿಗಳೇ,

ತೊಗರಿ, ಸೋಯಾ ಹೊಲಗಳಲ್ಲಿ ದಿನವಿಡೀ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ತೆಗೆಯುವವರಿಗೆ ಮೊಣಕಾಲು ನೋವು ಅಪರಿಚಿತವಲ್ಲ. ವಯಸ್ಸಾಯಿತೆಂದು ಸುಮ್ಮನಿರುವುದೂ, ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗುವುದೂ ಸರಿಯಲ್ಲ. ಅಂಥ ಗುಳಿಗೆಗಳಿಂದ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳಿಗೆ ಹಾನಿಯಾಗಬಹುದು.

ಸೊಂಟಕ್ಕೂ ಮೊಣಕಾಲಿಗೂ ಏನು ಸಂಬಂಧ?

ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ಭಾರವು ಕ್ಷಣಕಾಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ಸೊಂಟವು ವಾಲದಂತೆ ಹಿಡಿದು ನಿಲ್ಲಿಸುವುದು ಊರಿದ ಕಾಲಿನ ಕಡೆಯ ಸೊಂಟದ ಪಕ್ಕದ ಸ್ನಾಯುಗಳು. ಮೊಣಕಾಲು ಸವೆದವರಲ್ಲಿ ಈ ಸ್ನಾಯುಗಳು ಅನೇಕ ವೇಳೆ ದುರ್ಬಲವಾಗಿರುತ್ತವೆ. ಇವುಗಳನ್ನು ಬಲಪಡಿಸಿದರೆ ಸವೆದ ಕೀಲು ಹೊಸದಾಗುವುದಿಲ್ಲ. ಆದರೆ ನೋವು ತಗ್ಗಿ, ನಡಿಗೆ ಸುಗಮವಾಗುತ್ತದೆ.

ಶಕ್ತಿಯೊಂದೇ ಸಾಲದು, ತಾಳಿಕೆಯೂ ಬೇಕು. ಜೋಳದ ಚೀಲವನ್ನು ಒಮ್ಮೆ ಎತ್ತುವುದು ಶಕ್ತಿ. ತುಂಬಿದ ಕೊಡ ಹೊತ್ತು ಮನೆಯವರೆಗೆ ನಡೆಯುವುದು ತಾಳಿಕೆ.

ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳು

1. ಪಕ್ಕಕ್ಕೆ ಮಲಗಿ ಕೆಳಗಿನ ಕಾಲನ್ನು ಮಡಚಿರಿ. ಮೇಲಿನ ಕಾಲನ್ನು ನೇರವಾಗಿ ಒಂದು ಗೇಣು ಎತ್ತಿ, ಐದು ಎಣಿಸಿ, ನಿಧಾನವಾಗಿ ಇಳಿಸಿರಿ. ಅನಂತರ ಮಗ್ಗುಲು ಬದಲಿಸಿರಿ.

2. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದಗಳನ್ನು ಊರಿ ಸೊಂಟವನ್ನು ಮೇಲೆತ್ತಿರಿ. ಐದು ಎಣಿಸಿ ಇಳಿಸಿರಿ.

3. ಗೋಡೆ ಹಿಡಿದು ನೆಟ್ಟಗೆ ನಿಂತು, ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಿರಿ. ಮೈ ವಾಲಬಾರದು.

ಮೊದಲ ವಾರ ಪ್ರತಿಯೊಂದನ್ನೂ 5 ಸಲ ಮಾಡಿರಿ. ಕ್ರಮೇಣ 10 ಸಲಕ್ಕೆ ಏರಿಸಿ, ನಡುವೆ ವಿಶ್ರಾಂತಿ ಪಡೆದು 2 ಅಥವಾ 3 ಸುತ್ತು ಮಾಡಿರಿ. ವಾರಕ್ಕೆ 3 ದಿನ, ಕನಿಷ್ಠ 8 ವಾರ ಬಿಡದೆ ಮಾಡಿರಿ. ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನವೂ ನೋವು ಹೆಚ್ಚಾಗಿಯೇ ಉಳಿದರೆ ಎಣಿಕೆಯನ್ನು ಕಡಿಮೆ ಮಾಡಿರಿ. ಗರ್ಭಿಣಿಯರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು.

ಪತಿ ಪತ್ನಿಯರ ಕರ್ತವ್ಯ

ಒಬ್ಬರು ವ್ಯಾಯಾಮ ಮಾಡುವಾಗ ಇನ್ನೊಬ್ಬರು ಎಣಿಸಿರಿ. ಮನೆಯಾಕೆಗೆ ನೋವಿದ್ದರೆ ನೀರು ತರುವ ಕೆಲಸವನ್ನು ಯಜಮಾನರು ವಹಿಸಿಕೊಳ್ಳಲಿ. ಆಕೆಯ ನೋವು ಮನೆಗೆಲಸದ ಭಾಗವಲ್ಲ. ದೇಹದ ತೂಕ ಹೆಚ್ಚಿದ್ದರೆ ಇಳಿಸಿರಿ: 1 ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಹೊರೆ ಸುಮಾರು 4 ಕಿಲೋ ತಗ್ಗುತ್ತದೆ.

ತಡಮಾಡದೆ ವೈದ್ಯರನ್ನು ಕಾಣಿರಿ

ಮೊಣಕಾಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅಥವಾ ಕೀಲು ಮಡಚಲಾಗದೆ ಸಿಕ್ಕಿಕೊಂಡರೆ, ಸಮೀಪದ ಸರಕಾರಿ ಆಸ್ಪತ್ರೆಗೆ ಕೂಡಲೇ ಹೋಗಿರಿ.