ಒಂದು ಕೈ ಸಾಕು, ಕೀಲುಗಳ ಪಾಠಕ್ಕೆ

ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳಿರುತ್ತವೆ. ಅಷ್ಟರ ಹೆಸರನ್ನೂ ಈಗಲೇ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕೈ ಹೇಗೆ ಆಡುತ್ತದೆಂದು ತಿಳಿದರೆ ಉಳಿದ ದೇಹದ ಚಲನೆ ಬಹುಪಾಲು ಅರ್ಥವಾದಂತೆಯೇ. ನಿಮ್ಮ ಬಲಗೈಯಿಂದಲೇ ಶುರು ಮಾಡೋಣ.

ಮೊಣಕೈಯನ್ನು ಮಡಚಿ, ಬಿಡಿಸಿ. ಬಾಗಿಲಿನ ವಿಜಾಗರಿಯಂತೆ ಅದು ಒಂದೇ ನೇರದಲ್ಲಿ ಆಡುತ್ತದೆ, ಪಕ್ಕಕ್ಕೆ ಬಾಗುವುದಿಲ್ಲ. ಆದ್ದರಿಂದಲೇ ಇದು ವಿಜಾಗರಿ ಕೀಲು. ಬೆರಳುಗಳ ನಡುಗೆಣ್ಣುಗಳೂ ಇದೇ ಜಾತಿಗೆ ಸೇರಿದವು.

ಮೂಳೆ ತಾನಾಗಿ ಅಲುಗುವುದಿಲ್ಲ, ಸ್ನಾಯು ಎಳೆಯಬೇಕು. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಹಾಗಾಗಿ ಮಡಚಲು ಒಂದು, ಬಿಡಿಸಲು ಇನ್ನೊಂದು ಬೇಕು. ಅನುಮಾನವಿದ್ದರೆ ಎಡಗೈಯಿಂದ ಬಲತೋಳನ್ನು ಹಿಡಿದುಕೊಂಡು, ಬಲ ಅಂಗೈಯಿಂದ ಮೇಜನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ. ತೋಳಿನ ಮುಂಭಾಗ ಗಟ್ಟಿಯಾಗುತ್ತದೆ. ಈಗ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ. ಈ ಸಲ ಹಿಂಭಾಗ ಬಿಗಿಯುತ್ತದೆ. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡುತ್ತದೆ.

ಮೊಣಕೈ ಒಂದೇ ನೇರದಲ್ಲಿ ಬಾಗುವುದಾದರೆ ಅಂಗೈಯನ್ನು ಮಗುಚುವುದು ಹೇಗೆ? ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಮೇಲೆ, ಕೆಳಗೆ ತಿರುಗಿಸಿ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಎರಡು ಮೂಳೆಗಳಿವೆ. ಅಂಗೈ ಕೆಳಮುಖವಾದಾಗ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಇಲ್ಲಿರುವುದು ತಿರುಗಣಿ ಕೀಲು. ಕತ್ತನ್ನು ಎಡಬಲಕ್ಕೆ ಹೊರಳಿಸುವಾಗ ಕುತ್ತಿಗೆಯ ಮೊದಲೆರಡು ಮೂಳೆಗಳ ನಡುವೆಯೂ ಇಂಥದೇ ಕೀಲು ಕೆಲಸ ಮಾಡುತ್ತದೆ.

ಇನ್ನು ಭುಜ. ತೋಳು ಮುಂದೆ, ಹಿಂದೆ, ಪಕ್ಕಕ್ಕೆ, ಸುತ್ತಲೂ ತಿರುಗುತ್ತದೆ. ತೋಳಿನ ಮೂಳೆಯ ದುಂಡು ತಲೆ ಭುಜದ ಹಲಗೆಯ ಗುಳಿಯಲ್ಲಿ ಕೂತಿರುವುದರಿಂದ ಇದಕ್ಕೆ ಚೆಂಡು–ಗುಳಿ ಕೀಲು ಎನ್ನುತ್ತಾರೆ. ಸೊಂಟದ ಕೀಲೂ ಇದೇ ಬಗೆಯದು. ಆದರೆ ಅಲ್ಲಿ ಗುಳಿಗೆ ಆಳ ಹೆಚ್ಚು, ಇಲ್ಲಿ ಕಡಿಮೆ. ಭುಜಕ್ಕೆ ಸ್ವಾತಂತ್ರ್ಯ ಹೆಚ್ಚು, ಭದ್ರತೆ ಕಡಿಮೆ. ದೊಡ್ಡ ಕೀಲುಗಳಲ್ಲಿ ಹೆಚ್ಚಾಗಿ ಜಾರುವುದು ಭುಜವೇ. ದೇಹದ ಭಾರ ಹೊರುವ ಸೊಂಟ ಅಷ್ಟು ಸುಲಭಕ್ಕೆ ಜಾರದು.

ಈ ಕೀಲುಗಳೊಳಗೆ ಮೂಳೆಗೆ ಮೂಳೆ ನೇರ ಉಜ್ಜುವುದಿಲ್ಲ. ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ, ನಡುವೆ ಜಾರುವ ದ್ರವವಿದೆ. ಮೂಳೆಗಳನ್ನು ಪರಸ್ಪರ ಬಿಗಿದಿಡುವುದು ಅಸ್ಥಿರಜ್ಜು. ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಬೆರಳುಗಳನ್ನು ಒಂದೊಂದಾಗಿ ಎತ್ತಿದರೆ ಅಂಗೈಯ ಹಿಂಬದಿಯಲ್ಲಿ ಚರ್ಮದಡಿ ಸರಿಯುವ ಎಳೆಗಳು ಈ ಸ್ನಾಯುರಜ್ಜುಗಳೇ. ಅವನ್ನು ಎಳೆಯುವ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ.

ಕೊನೆಯದಾಗಿ ಒಂದು ಮಾತು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದು ಮುಖ್ಯವಾಗಿ ಆ ದ್ರವದಿಂದ. ಕೀಲು ಆಡಿದಾಗ, ಅದರ ಮೇಲೆ ಒತ್ತಡ ಬಿದ್ದು ಬಿಟ್ಟಾಗ ಪೋಷಣೆ ಒಳಗೆ ಇಳಿಯುತ್ತದೆ. ಆದ್ದರಿಂದ ಗಂಟೆಗಟ್ಟಲೆ ಕೂತು ಕೆಲಸ ಮಾಡುವವರು ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕೈಕಾಲು ಆಡಿಸಿ. ಕೀಲು ಊದಿಕೊಂಡು ಬಿಸಿಯಾಗಿದ್ದರೆ ಮಾತ್ರ ತಿಕ್ಕಿ ನೀವುತ್ತ ಕೂರದೆ ವೈದ್ಯರಿಗೆ ತೋರಿಸಿ.