ಹೊಸ ಪ್ರೊಸೆಸರಿನಲ್ಲಿ ಹಳೆಯ ವಾದ್ಯ

ಪಿಯಾನೋವಿನ ಒಂದೊಂದು ಸ್ವರವನ್ನೂ ಮುದ್ರಿಸಿಟ್ಟುಕೊಂಡು, ನಾವು ಕೀಲಿಯನ್ನೊತ್ತಿದೊಡನೆ ಅದನ್ನು ನುಡಿಸುವ ತಂತ್ರಾಂಶಗಳುಂಟು. ಕಂಪ್ಯೂಟರಿನೊಳಗಣ ಈ ವಾದ್ಯಗಳು ಸಾಮಾನ್ಯವಾಗಿ, ಸಂಗೀತವನ್ನು ಮುದ್ರಿಸುವ ದೊಡ್ಡ ತಂತ್ರಾಂಶವೊಂದರ ಒಡಲಲ್ಲಿದ್ದು ದುಡಿಯುತ್ತವೆ.

2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಇಂಟೆಲ್ ಪ್ರೊಸೆಸರಿನ ಬದಲು, ಆರ್ಮ್ ವಿನ್ಯಾಸದ ತನ್ನದೇ ಎಂ1 ಅನ್ನು ಮ್ಯಾಕ್ ಕಂಪ್ಯೂಟರುಗಳಲ್ಲಿ ಅಳವಡಿಸತೊಡಗಿತು. ಇವೆರಡರ ಆದೇಶಭಾಷೆ ಬೇರೆಬೇರೆ. ಆದುದರಿಂದ ರೊಸೆಟ್ಟಾ 2 ಎಂಬ ದುಭಾಷಿಯನ್ನೂ ಒದಗಿಸಿತು. ಅದು ಇಂಟೆಲ್ ಆದೇಶಗಳನ್ನು ಬಹುಮಟ್ಟಿಗೆ ಮುಂಚಿತವಾಗಿಯೇ ಭಾಷಾಂತರಿಸಿಡುತ್ತದೆ.

ದುಭಾಷಿಯಿದ್ದೂ ಹಳೆಯ ವಾದ್ಯವು ಮೂಕವಾಗುವುದೇಕೆ? ಓಡುತ್ತಿರುವ ಒಂದು ತಂತ್ರಾಂಶದ ಒಡಲಲ್ಲಿ ಎರಡು ಆದೇಶಭಾಷೆಗಳು ಬೆರೆಯಲಾರವು. ಮುದ್ರಣದ ತಂತ್ರಾಂಶವು ಆರ್ಮ್ ಭಾಷೆಯಲ್ಲಿ ನಡೆಯುತ್ತಿದ್ದರೆ ಇಂಟೆಲ್ ವಾದ್ಯಕ್ಕೆ ಅಲ್ಲಿ ಪ್ರವೇಶವಿಲ್ಲ. ಆಗ ಇಡೀ ತಂತ್ರಾಂಶವನ್ನೇ ರೊಸೆಟ್ಟಾದ ಮೂಲಕ ಓಡಿಸಬೇಕು. ಇಲ್ಲವೆ, ಲಾಜಿಕ್ ಪ್ರೊ ಮಾಡುವಂತೆ, ವಾದ್ಯವನ್ನು ಹೊರಗೆ ಪ್ರತ್ಯೇಕವಾಗಿ ನಡೆಸಿ ನಾದವನ್ನು ಒಳಗೆ ತರಿಸಿಕೊಳ್ಳಬೇಕು.

ಎರಡರಲ್ಲಿಯೂ ಹೆಚ್ಚಿನ ದುಡಿಮೆಯುಂಟು, ಕಾಲವಾದರೋ ಅತ್ಯಲ್ಪ. ಸೆಕೆಂಡಿಗೆ 44,100 ಮಾದರಿಗಳನ್ನು 128ರ ಕಂತುಗಳಲ್ಲಿ ಕಳುಹಿಸುವಾಗ, ಒಂದು ಕಂತಿಗೆ ದೊರೆಯುವುದು ಸುಮಾರು 2.9 ಮಿಲಿಸೆಕೆಂಡು ಮಾತ್ರ. ಪತ್ರ ಬರೆಯುವ ತಂತ್ರಾಂಶವು ಅಷ್ಟು ತಡಮಾಡಿದರೆ ಯಾರ ಗಮನಕ್ಕೂ ಬಾರದು. ವಾದ್ಯವು ತಡಮಾಡಿದರೆ ನಾದವು ತುಂಡಾಗಿ ಚಟಪಟ ಸದ್ದು ಕೇಳಿಬರುತ್ತದೆ.

ದುಭಾಷಿಯ ಆಯುಸ್ಸೂ ಮಿತವಾದುದೇ. 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್ಲಿಗೆ ಬಂದಾಗ ಕೊಟ್ಟಿದ್ದ ಮೊದಲ ರೊಸೆಟ್ಟಾವನ್ನು 2011ರ ಆವೃತ್ತಿಯಲ್ಲಿ ಕೈಬಿಡಲಾಯಿತು. ಎರಡನೆಯದು ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಪೂರ್ಣವಾಗಿ ಇರುವುದೆಂದು 2025ರಲ್ಲಿ ಸಂಸ್ಥೆಯು ಪ್ರಕಟಿಸಿತು. ತಯಾರಕರು ಹೊಸ ಆವೃತ್ತಿಯನ್ನು ಹೊರತರದ ವಾದ್ಯವನ್ನು ನೆಚ್ಚಿ ರಚಿಸಿದ ಸಂಗೀತವಿದ್ದರೆ, ಅದನ್ನು ಈಗಲೇ ಧ್ವನಿಕಡತವಾಗಿ ಮುದ್ರಿಸಿಡುವುದು ಲೇಸು. ಅಂಥ ಕಡತದಲ್ಲಿರುವುದು ಬರಿಯ ಅಂಕೆಗಳು; ಅವನ್ನು ಯಾವ ಪ್ರೊಸೆಸರಾದರೂ ಓದೀತು.